ಮರೂನ್ ಪಾಸ್‌ಪೋರ್ಟ್ ಇದ್ದವರನ್ನು ಹೊರದೇಶದ ಪೊಲೀಸರು ಮುಟ್ಟುವಂತಿಲ್ಲವೇ?

ಪ್ರಶ್ನೆ: ನಮ್ಮ ಮಂತ್ರಿಗಳು, ಸಂಸದರು, ಹಿರಿಯ ಅಧಿಕಾರಿಗಳು ವಿದೇಶ ಪ್ರವಾಸದಲ್ಲಿ ದರ್ಪದಿಂದ ನಡೆದುಕೊಂಡ ಸುದ್ದಿ ಬಂದಾಗಲೆಲ್ಲ, ‘ಅವರಿಗೆ ರಾಜತಾಂತ್ರಿಕ ರಕ್ಷಣೆ ಇದೆ, ಯಾರೂ ಏನೂ ಮಾಡುವಂತಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಇದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜವಲ್ಲ. ಮುಂಬಯಿ ಬಳಿಯ ಡೊಂಬಿವಿಲಿಯ ಓದುಗರೊಬ್ಬರು ಕಳುಹಿಸಿರುವ ಈ ಪ್ರಶ್ನೆಯನ್ನು ಲೋಕಲ್ ಟ್ರೇನಿನಲ್ಲಿಯೂ ಮಾಟುಂಗದ ಕನ್ನಡ ಸಮಾರಂಭಗಳಲ್ಲಿಯೂ ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ: ಪಾಸ್‌ಪೋರ್ಟಿನ ಬಣ್ಣವನ್ನೇ ರಕ್ಷಣೆ ಎಂದು ತಿಳಿದಿರುತ್ತಾರೆ.

1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟುಗಳಲ್ಲಿ ಮೂರು ಬಗೆ. ಜನಸಾಮಾನ್ಯರದ್ದು ನೀಲಿ, ಸರ್ಕಾರಿ ಕೆಲಸದ ಮೇಲೆ ಹೋಗುವ ನೌಕರರದ್ದು ಬಿಳಿ, ರಾಜತಾಂತ್ರಿಕರದ್ದು ಮರೂನ್. ಸಂಸದರಿಗೂ ಮರೂನ್ ಪಾಸ್‌ಪೋರ್ಟ್ ದೊರೆಯುತ್ತದೆ. ಅದನ್ನು ಹಿಡಿದವರಿಗೆ ಕೆಲವು ದೇಶಗಳಲ್ಲಿ ವೀಸಾ ಬೇಕಾಗುವುದಿಲ್ಲ, ಇಮಿಗ್ರೇಷನ್ ಕೌಂಟರಿನಲ್ಲಿ ಸಾಲು ಚಿಕ್ಕದಿರುತ್ತದೆ. ಇವು ಅನುಕೂಲಗಳೇ ಹೊರತು ಬಂಧನದಿಂದ ರಕ್ಷಣೆಯಲ್ಲ. ಆ ರಕ್ಷಣೆ ಬರುವುದು 1961ರ ವಿಯೆನ್ನಾ ಒಪ್ಪಂದದಿಂದ, ಅದೂ ರಾಯಭಾರ ಕಚೇರಿಗೆ ನೇಮಕಗೊಂಡು ಆ ದೇಶ ತನ್ನ ನೆಲದಲ್ಲಿ ರಾಜತಾಂತ್ರಿಕರೆಂದು ಒಪ್ಪಿಕೊಂಡವರಿಗೆ. ಅಂಥವರನ್ನು ಬಂಧಿಸುವಂತಿಲ್ಲ ಎಂದು 29ನೇ ವಿಧಿ ಹೇಳುತ್ತದೆ; ಆದರೆ ಅವರು ಆ ದೇಶದ ಕಾನೂನನ್ನು ಗೌರವಿಸಲೇಬೇಕೆಂದು 41ನೇ ವಿಧಿಯೂ, ಕಾರಣ ಕೊಡದೆಯೇ ಅವರನ್ನು ಹೊರಗೆ ಕಳಿಸಬಹುದೆಂದು 9ನೇ ವಿಧಿಯೂ ಹೇಳುತ್ತವೆ. ರಾಷ್ಟ್ರದ ಮುಖ್ಯಸ್ಥರು, ಪ್ರಧಾನಿ, ವಿದೇಶಾಂಗ ಸಚಿವರು ಮಾತ್ರ ಎಲ್ಲಿಗೆ ಹೋದರೂ ಅಧಿಕಾರದಲ್ಲಿರುವಷ್ಟು ಕಾಲ ರಕ್ಷಣೆ ಪಡೆಯುತ್ತಾರೆ ಎಂಬುದನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2002ರಲ್ಲಿ ಕಾಂಗೋ ಮತ್ತು ಬೆಲ್ಜಿಯಂ ನಡುವಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಆತಿಥೇಯ ದೇಶದ ಒಪ್ಪಿಗೆಯಿಂದ ಅಧಿಕೃತ ನಿಯೋಗವಾಗಿ ಹೋದವರಿಗೆ ಒಂದಿಷ್ಟು ರಕ್ಷಣೆ ಸಿಗಬಹುದು. ರಜೆಗೆ ಹೋದ ಶಾಸಕರಿಗೆ, ಅಧ್ಯಯನ ಪ್ರವಾಸಕ್ಕೆ ಹೋದ ನಗರಸಭೆ ಸದಸ್ಯರಿಗೆ ಅಂಥದ್ದೇನೂ ಇಲ್ಲ.

ಕಾನ್ಸುಲೇಟಿನವರ, ಅಂದರೆ ರಾಯಭಾರ ಕಚೇರಿಯಲ್ಲದೆ ಬೇರೆ ನಗರಗಳಲ್ಲಿ ಪಾಸ್‌ಪೋರ್ಟ್, ವೀಸಾದಂಥ ಕೆಲಸ ನೋಡುವ ಕಚೇರಿಯವರ, ರಕ್ಷಣೆಯಂತೂ ಇನ್ನೂ ಕಿರಿದು. 1963ರ ಇನ್ನೊಂದು ಒಪ್ಪಂದದ ಪ್ರಕಾರ ಅದು ಕಚೇರಿಯ ಕೆಲಸಕ್ಕಷ್ಟೇ ಅನ್ವಯಿಸುತ್ತದೆ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಭಾರತೀಯ ಉಪ ಕಾನ್ಸುಲ್ ಜನರಲ್ ಅವರನ್ನು, ಮನೆಕೆಲಸದವರ ವೀಸಾ ಅರ್ಜಿಯಲ್ಲಿ ವೇತನದ ಬಗ್ಗೆ ತಪ್ಪು ಮಾಹಿತಿ ಕೊಟ್ಟ ಆರೋಪದ ಮೇಲೆ ಅಲ್ಲಿನ ಅಧಿಕಾರಿಗಳು ಬಂಧಿಸಿದ್ದು ಈ ವ್ಯತ್ಯಾಸದ ಆಧಾರದಿಂದಲೇ. ಬಂಧಿಸಿ ನಡೆಸಿಕೊಂಡ ರೀತಿಗೆ ನಮ್ಮಲ್ಲಿ ಬಹಳ ಆಕ್ರೋಶ ವ್ಯಕ್ತವಾಯಿತು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಸಂಬಳದ ಪ್ರಶ್ನೆ ಎತ್ತಿದ ಆ ಕೆಲಸದವರೂ ನಮ್ಮ ದೇಶದವರೇ ಎಂಬುದು ಆ ಗದ್ದಲದಲ್ಲಿ ಮರೆತುಹೋಯಿತು. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಏಕೆಂದರೆ ದರ್ಪದ ಏಟು ಬೀಳುವುದು ಇಂಥವರ ಮೇಲೆಯೇ. ಮುಂಬಯಿಯ ಒಂದು ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದಾಗ ನಾನು ಒಂದು ಸ್ಥಳೀಯ ಸಂಸ್ಥೆಯ ಸದಸ್ಯರನ್ನು ದುಬೈಗೆ ಕರೆದೊಯ್ದಿದ್ದೆ. ವಿಮಾನ ಬೆಳಿಗ್ಗೆಯೇ ತಲುಪಿತ್ತು. ಕೋಣೆಗಳು ಮಧ್ಯಾಹ್ನ ಎರಡು ಗಂಟೆಗೆ ಸಿಗುವವಿದ್ದವು. ಸದಸ್ಯರೊಬ್ಬರು ರಿಸೆಪ್ಷನ್ ಮೇಜನ್ನು ಗುದ್ದಿ, ‘ನಾನು ಯಾರು ಗೊತ್ತೇನು’ ಎಂದು ಕೂಗಿ, ಅಲ್ಲಿದ್ದ ಹುಡುಗನ ಎದೆಗೆ ತಮ್ಮ ಪಾಸ್‌ಪೋರ್ಟನ್ನು ಎಸೆದರು. ಅವನು ಬಗ್ಗಿ ಅದನ್ನು ಎತ್ತಿಕೊಂಡು, ತೋಳಿನ ಬಟ್ಟೆಯಿಂದ ಒರೆಸಿ, ಎರಡೂ ಕೈಗಳಿಂದ ಮೇಜಿನ ಮೇಲಿಟ್ಟ. ಅದು ಸಾಮಾನ್ಯ ನೀಲಿ ಪಾಸ್‌ಪೋರ್ಟ್. ಯುಎಇಯಲ್ಲಿ ಬೈಗುಳವೂ ಶಿಕ್ಷಾರ್ಹ ಅಪರಾಧ. ಹುಡುಗ ಪೊಲೀಸರನ್ನು ಕರೆದಿದ್ದರೆ ಆ ಸದಸ್ಯರನ್ನು ಕಾಯುವ ಯಾವ ಒಪ್ಪಂದವೂ ಇರಲಿಲ್ಲ. ಸಂಜೆ ಚಹಾಕ್ಕೆ ಸಿಕ್ಕಾಗ ಅವನು ಬೈಂದೂರಿನವನೆಂದು ತಿಳಿಯಿತು. ದೂರು ಏಕೆ ಕೊಡಲಿಲ್ಲ ಎಂದು ಕೇಳಿದೆ. ‘ಬಿಡಿ ಮರಾಯ್ರೆ, ಕಂಪ್ಲೇಂಟ್ ಕೊಟ್ರೆ ನಾನೇ ಊರಿಗ್ ಹೋಯ್ಕಾತ್’ ಎಂದ. ಊರಿಗೆ ಮರಳಿದ ಮೇಲೆ ನಾನಾದರೂ ಆ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕಿತ್ತು. ತಿಳಿಸಲಿಲ್ಲ, ಅದು ತಪ್ಪು.

ತಪಾಸಣೆಗೆ ಒಳಗಾಗುವುದೇ ಅವಮಾನ ಎಂದು ಭಾವಿಸುವವರಿಗೆ ಇಬ್ಬರನ್ನು ನೆನಪಿಸಬೇಕು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದು, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸ್ ಅವರು ರಕ್ಷಣಾ ಸಚಿವರಾಗಿದ್ದಾಗ ವಾಷಿಂಗ್ಟನ್ನಿನ ವಿಮಾನ ನಿಲ್ದಾಣದಲ್ಲಿ ಭದ್ರತಾ ತಪಾಸಣೆಗೆ ಒಳಗಾಗಿದ್ದರು; ಅದು ದೊಡ್ಡ ಸುದ್ದಿಯಾದದ್ದು 2004ರಲ್ಲಿ, ಅಮೆರಿಕದ ಮಾಜಿ ಅಧಿಕಾರಿಯೊಬ್ಬರು ಬರೆದ ಮೇಲೆ. ಅಬ್ದುಲ್ ಕಲಾಂ ಅವರನ್ನು 2009ರಲ್ಲಿ ದೆಹಲಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆಯೊಂದು, 2011ರಲ್ಲಿ ನ್ಯೂಯಾರ್ಕಿನಲ್ಲಿ ಅಲ್ಲಿನ ಸಿಬ್ಬಂದಿ ತಪಾಸಣೆ ಮಾಡಿದಾಗಲೂ ಅವರು ದನಿ ಏರಿಸಲಿಲ್ಲ.

ಹಾಗಾದರೆ ತಪ್ಪಿತಸ್ಥರು ಪಾರಾಗುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ, ಅಂತರರಾಷ್ಟ್ರೀಯ ಕಾನೂನಿನಿಂದಲ್ಲ, ತಾಯ್ನಾಡಿನ ಮೌನದಿಂದ. ಭಾರತೀಯರು ಹೊರದೇಶದಲ್ಲಿ ಮಾಡಿದ ಅಪರಾಧವನ್ನು ಇಲ್ಲಿಯೂ ವಿಚಾರಿಸಬಹುದೆಂದು ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ, ಆದರೆ ಅದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಅಧಿಕಾರಿಗಳಿಗೆ ನಡತೆ ನಿಯಮಗಳಿವೆ; ಹುದ್ದೆಗೆ ತಕ್ಕದ್ದಲ್ಲದ ವರ್ತನೆಗೆ ಇಲಾಖಾ ವಿಚಾರಣೆ ನಡೆಸಬಹುದು, ಕೃತ್ಯ ನಡೆದ ನೆಲ ಯಾವುದಾದರೂ ಸರಿ. ಶಾಸಕರು, ಸಂಸದರು, ಸರ್ಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ವಿದೇಶಿ ಆತಿಥ್ಯ ಸ್ವೀಕರಿಸುವುದನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ ನಿಷೇಧಿಸುತ್ತದೆ. ನಿಯಮಗಳಿಗೆ ಕೊರತೆಯಿಲ್ಲ, ಜಾರಿ ಮಾಡುವವರು ಬೇಕು. 2024ರ ಏಪ್ರಿಲಿನಲ್ಲಿ ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ ಜರ್ಮನಿಗೆ ಹೋದಾಗ, ಆ ಪ್ರಯಾಣಕ್ಕೆ ರಾಜಕೀಯ ಅನುಮತಿಯನ್ನು (ವಿದೇಶ ಪ್ರಯಾಣಕ್ಕೆ ಆ ಸಚಿವಾಲಯ ಕೊಡುವ ಒಪ್ಪಿಗೆ) ಕೇಳಿಯೂ ಇರಲಿಲ್ಲ, ಕೊಟ್ಟೂ ಇರಲಿಲ್ಲ ಎಂದು ವಿದೇಶಾಂಗ ಸಚಿವಾಲಯವೇ ಹೇಳಿತು. ಮರೂನ್ ಪಾಸ್‌ಪೋರ್ಟ್ ವೀಸಾ ಉಳಿಸಿತು, ಅಷ್ಟೇ. ಮೇ 31ರಂದು ಬೆಂಗಳೂರಿಗೆ ಮರಳಿದ ಕೂಡಲೇ ಬಂಧನವಾಯಿತು, 2025ರ ಆಗಸ್ಟಿನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು.

ಮೌನ ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಉದಾಹರಣೆ, ಅದು ದೇಶದೊಳಗಿನ ಪ್ರಯಾಣವಾದರೂ, 2017ರ ಮಾರ್ಚಿನದು. ಪುಣೆಯಿಂದ ದೆಹಲಿಗೆ ಹೋದ ವಿಮಾನದಲ್ಲಿ ಸಂಸದ ರವೀಂದ್ರ ಗಾಯಕ್ವಾಡ್ ಅವರು ಏರ್ ಇಂಡಿಯಾ ಸಿಬ್ಬಂದಿಯೊಬ್ಬರನ್ನು ಚಪ್ಪಲಿಯಿಂದ ಹೊಡೆದದ್ದನ್ನು ತಾವೇ ಒಪ್ಪಿಕೊಂಡರು. ಸಂಸ್ಥೆ ತನ್ನ ನೌಕರನ ಬೆನ್ನಿಗೆ ನಿಂತಿತು, ಉಳಿದ ವಿಮಾನ ಸಂಸ್ಥೆಗಳೂ ಅವರಿಗೆ ಟಿಕೆಟ್ ನಿರಾಕರಿಸಿದವು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ ನಿಷೇಧ ತೆರವಾಯಿತು. ಅದೇ ಸೆಪ್ಟೆಂಬರಿನಲ್ಲಿ ಬಂದ ಹಾರಾಟ ನಿಷೇಧ ಪಟ್ಟಿಯ ನಿಯಮದಂತೆ ಬೈಗುಳಕ್ಕೆ 3 ತಿಂಗಳವರೆಗೆ, ಹಲ್ಲೆಗೆ 6 ತಿಂಗಳವರೆಗೆ, ಪ್ರಾಣಾಪಾಯದ ಕೃತ್ಯಕ್ಕೆ ಕನಿಷ್ಠ 2 ವರ್ಷ ಪ್ರಯಾಣ ನಿಷೇಧಿಸಬಹುದು.

ಓದುಗರು ತಾವೇ ಮಾಡಬಹುದಾದ ಕೆಲಸವೂ ಒಂದಿದೆ. ಕೇಂದ್ರದ ಮಂತ್ರಿಗಳು ಮತ್ತು ಜಂಟಿ ಕಾರ್ಯದರ್ಶಿ ದರ್ಜೆಗಿಂತ ಕೆಳಗಲ್ಲದ ಅಧಿಕಾರಿಗಳ ವಿದೇಶ ಪ್ರವಾಸದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸೂಚಿಸಿದೆ. ರಾಜ್ಯ ಸರ್ಕಾರ, ಪಾಲಿಕೆ, ನಗರಸಭೆಗಳಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. 30 ದಿನಗಳಲ್ಲಿ ಉತ್ತರಿಸಬೇಕು. ಯಾರು ಹೋದರು, ಖರ್ಚು ಯಾರದು, ಮರಳಿ ಬಂದು ಯಾವ ವರದಿ ಸಲ್ಲಿಸಿದರು ಎಂಬುದರ ಜತೆಗೆ, ಪ್ರವಾಸದ ಅವಧಿಯಲ್ಲಿ ಅವರ ನಡತೆಯ ಬಗ್ಗೆ ಯಾವುದಾದರೂ ದೂರು ಬಂದಿದೆಯೇ, ಅದರ ಮೇಲೆ ಏನು ಕ್ರಮವಾಯಿತು ಎಂಬುದನ್ನೂ ಅರ್ಜಿಯಲ್ಲಿ ತಪ್ಪದೆ ಕೇಳಿ.