ಹಳೇ ಪ್ಯಾನೆಲ್ ಜೋಡಿ ಹೊಸಾವು ಹಚ್ಚೋದಾದ್ರ ವ್ಯಾಟ್ ನೋಡಬ್ಯಾಡ್ರಿ, ಹಿಂದಿನ ಚೀಟಿ ಓದ್ರಿ

ಬಾಗಲಕೋಟಿ, ವಿಜಯಪುರ ಕಡೆ ಐದಾರು ವರ್ಷದ ಹಿಂದ ಟೆರೇಸ್ ಮ್ಯಾಲ ಸೋಲಾರ್ ಹಚ್ಚಿಸಿದವರು ಈಗ ಇನ್ನಷ್ಟು ಪ್ಯಾನೆಲ್ ಕೂಡಸಬೇಕಂತ ಅಂಗಡಿಗೆ ಹೊಂಟಾರ. ಮನಿಗೆ ಎಸಿ ಬಂದೈತಿ, ಬಿಸಲಂತೂ ನಮ್ಮಲ್ಲಿ ಪುಕ್ಕಟೆ. ಆದ್ರ ಅವಾಗ ಹಚ್ಚಿದ್ದ 325 ವ್ಯಾಟಿನ ಪ್ಯಾನೆಲ್ ಈಗ ಹುಡುಕಿದ್ರೂ ಸಿಗೋದು ಕಷ್ಟ, ಎಲ್ಲಿ ಕೇಳಿದ್ರೂ 540, 550. ಒಬ್ಬ ಟೆಕ್ನಿಶಿಯನ್ "ಏನೂ ಆಗೂದಿಲ್ರಿ ಸರ, ಅದ ವೈರಿಗೆ ಜೋಡಿಸಿ ಬಿಡ್ತೀನಿ" ಅಂತಾನ, ಇನ್ನೊಬ್ಬ "ಮಿಕ್ಸ್ ಮಾಡಿದ್ರ ಇನ್ವರ್ಟರ್ ಸುಡತೈತಿ ನೋಡ್ರಿ" ಅಂತ ಅಂಜಸ್ತಾನ. ಇಬ್ಬರದೂ ಅರ್ಧರ್ಧ ಖರೆ.

ಎಲ್ಲಾರೂ ಮಾತಾಡೋದು ವ್ಯಾಟ್, ಆದ್ರ ಜೋಡಸೋ ಹೊತ್ತಿನ್ಯಾಗ ಅದು ಕೆಲಸಕ್ಕ ಬಾರದ ನಂಬರ್. ಬೇಕಾಗೋದು ಪ್ಯಾನೆಲ್ ಹಿಂದಿನ ಚೀಟಿಯೊಳಗ ಇರೋ ವೋಲ್ಟೇಜ್ ಮತ್ತ ಕರೆಂಟ್. 325 ವ್ಯಾಟಿನ ಒಂದು 72 ಸೆಲ್ ಪ್ಯಾನೆಲ್ ಫುಲ್ ಪವರ್ ಕೊಡುವಾಗ ಸುಮಾರು 37 ವೋಲ್ಟ್, 9 ಆಂಪಿಯರಿಗೆ ಒಂಚೂರು ಕಡಿಮಿ. 540ರದು ಸುಮಾರು 41 ವೋಲ್ಟ್, 13 ಆಂಪಿಯರ್. ವೋಲ್ಟೇಜಿನ್ಯಾಗ ಅಂಥಾ ಫರಕ್ ಇಲ್ಲ ನೋಡ್ರಿ, ಇರೋ ಫರಕೆಲ್ಲಾ ಕರೆಂಟಿನ್ಯಾಗ. ಜೋಡಣಿಯೊಳಗ ಬರೋ ತ್ರಾಸೂ ಇಲ್ಲಿಂದನ, ಅದಕ್ಕ ದಾರೀನೂ ಇಲ್ಲಿಂದನ.

ಪ್ಯಾನೆಲ್ಲನ್ನ ಒಂದರ ಬೆನ್ನಿಗೆ ಒಂದು ಸೀರೀಸಿನ್ಯಾಗ ಜೋಡಿಸಿದ್ರ ಅದು ಸ್ಟ್ರಿಂಗ್. ವೋಲ್ಟೇಜ್ ಕೂಡಿಕೋತ ಹೋಗತೈತಿ, ಕರೆಂಟ್ ಮಾತ್ರ ಎಲ್ಲಾದರೊಳಗೂ ಒಂದ ಹರಿಯಬೇಕು, ಯಾಕಂದ್ರ ದಾರಿ ಒಂದ. ಮುಧೋಳ ಕಡೆ ಒಂದು ಟ್ರ್ಯಾಕ್ಟರಿಗೆ ಎರಡು ಕಬ್ಬಿನ ಟ್ರೇಲರ್ ಕಟ್ಟಿರ್ತಾರಲ್ಲ, ಹಿಂದಿನದರ ಗಾಲಿ ಪಂಕ್ಚರ್ ಆದ್ರ ಮುಂದಿನದೂ ಅದರ ಸ್ಪೀಡಿಗೇ ಹೋಗಬೇಕು, ಹಂಗ. ಎಂಟು ಹಳೇವು, ಏಳು ಹೊಸಾವು ಸೇರಿಸಿ ಒಂದ ಸ್ಟ್ರಿಂಗ್ ಮಾಡಿದ್ರಿ ಅಂದ್ಕೋರಿ, 13 ಆಂಪಿಯರ್ ಕೊಡೋ ಹೊಸಾವು ಹಳೇದರ 9ಕ್ಕ ಇಳಿತಾವು, ಮಧ್ಯಾಹ್ನ ಒಳ್ಳೆ ಬಿಸಲಿನ್ಯಾಗ ಸುಮಾರು ಒಂದು ಕಿಲೋವ್ಯಾಟ್ ಅಲ್ಲೇ ಹೋತು. ಇಷ್ಟ ಆಗಿದ್ರ ಚಿಂತಿ ಇರಲಿಲ್ಲ. ಲೋಡ್ ಇಲ್ಲದಾಗಿನ ವೋಲ್ಟೇಜ್ ಹಳೇದಕ್ಕ 46, ಹೊಸಾದಕ್ಕ 49ರ ಮ್ಯಾಲ, ಹದಿನೈದೂ ಕೂಡಿದ್ರ 700 ವೋಲ್ಟ್ ದಾಟತೈತಿ. ಮನಿಗೆ ಹಚ್ಚೋ ಸಿಂಗಲ್ ಫೇಸ್ ಇನ್ವರ್ಟರ್ ಸಾಮಾನ್ಯವಾಗಿ ತಡಕೊಳ್ಳೋದು 550 ಇಲ್ಲಾ 600. "ಸುಡತೈತಿ" ಅಂದವನ ಮಾತು ಇಲ್ಲಿ ಖರೆ.

ಈಗ ಅವನ್ನ ಬ್ಯಾರೆ ಬ್ಯಾರೆ ಸ್ಟ್ರಿಂಗ್ ಮಾಡಿ ಪ್ಯಾರಲಲ್, ಅಂದ್ರ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿದ್ರ ಲೆಕ್ಕ ಉಲ್ಟಾ. ಕರೆಂಟ್ ಕೂಡತೈತಿ, ಅದು ಎಷ್ಟ ಹೆಚ್ಚುಕಡಿಮಿ ಇದ್ರೂ ನಡೀತೈತಿ, ಆದ್ರ ವೋಲ್ಟೇಜ್ ಎರಡಕ್ಕೂ ಒಂದ ಆಗಬೇಕು. ಎಂಟು ಹಳೇವು ಸೇರಿದ್ರ 300 ವೋಲ್ಟ್, ಏಳು ಹೊಸಾವು ಸೇರಿದ್ರ 290. ಇವೆರಡನ್ನ ಒಂದ ಎಂಪಿಪಿಟಿಗೆ (ಇನ್ವರ್ಟರ್ ಒಳಗ ಕೂತು ಯಾವ ವೋಲ್ಟೇಜಿಗೆ ಪವರ್ ಜಾಸ್ತಿ ಬರತೈತಿ ಅಂತ ಒಂದ್ಸಮನ ಹುಡುಕೋ ಸರ್ಕ್ಯೂಟ್) ಕೊಟ್ರ ಅದು ನಡುವ ಎಲ್ಲೋ 295ಕ್ಕ ನಿಲ್ಲತೈತಿ, ಲುಕ್ಸಾನು ನೂರಕ್ಕ ಒಂದೂ ಇಲ್ಲ. ಅವ ಪ್ಯಾನೆಲ್, ಅವ ಇನ್ವರ್ಟರ್, ಬರೇ ವೈರಿನ ದಾರಿ ಬದಲಾತು! ನನಗಂತೂ ಇಡೀ ಸೋಲಾರ್ ವಿದ್ಯಾದಾಗ ಬಾಳ ಸೇರೋ ಭಾಗ ಇದು. ಹಂಗಂತ ರೊಕ್ಕ ಸಾಲದ ಐದ ಹೊಸಾವು ಹಾಕಿದ್ರೋ, ಅವು ಸುಮಾರು 207 ವೋಲ್ಟಿನವು, ಎಂಪಿಪಿಟಿ ಅತ್ತ ವಾಲಿದ್ರ ಹಳೇ ಸ್ಟ್ರಿಂಗ್ 700 ವ್ಯಾಟಿನಷ್ಟು ಕಳಕೊಳ್ತೈತಿ, 300ಕ್ಕ ನಿಂತ್ರ ಹೊಸಾವು ಏನೂ ಕೊಡೂದಿಲ್ಲ.

ಎರಡು ಎಂಪಿಪಿಟಿ ಇರೋ ಇನ್ವರ್ಟರ್ ಆದ್ರ ಇಷ್ಟೆಲ್ಲಾ ತಲಿ ಕೆಡಿಸಿಕೊಳ್ಳೋದ ಬ್ಯಾಡ, ಹಳೇ ಸ್ಟ್ರಿಂಗ್ ಒಂದಕ್ಕ, ಹೊಸಾದು ಇನ್ನೊಂದಕ್ಕ, ಮುಗೀತು.

ದಿಕ್ಕಿನ ವಿಷಯಾನೂ ಹೇಳಬೇಕು, ಯಾಕಂದ್ರ ಜನ ಇದಕ್ಕ ಸುಮ್ನ ಅಂಜತಾರ. ಒಂದು ಸ್ಟ್ರಿಂಗ್ ಮೂಡಣಕ್ಕ, ಒಂದು ಪಡುವಣಕ್ಕ ಇದ್ರ ಕೂಡಸಬಾರದು ಅಂತಾರ. ಬಿಸಲು ಅರ್ಧ ಆದ್ರ ಪ್ಯಾನೆಲ್ಲಿನ ಕರೆಂಟ್ ಅರ್ಧ ಆಗತೈತಿ, ವೋಲ್ಟೇಜ್ ಮಾತ್ರ ನೂರಕ್ಕ ಮೂರೋ ನಾಲ್ಕೋ ಇಳಿತೈತಿ ಅಷ್ಟ. ಹಿಂಗಾಗಿ ಅದ ಪ್ಯಾನೆಲ್, ಅಷ್ಟ ಸಂಖ್ಯಾ ಇದ್ರ ಎರಡು ದಿಕ್ಕಿನ ಸ್ಟ್ರಿಂಗ್ ಪ್ಯಾರಲಲ್ ಆರಾಮ ನಡೀತಾವು. ಬೆಳಗಾವಿ ಕಡೆ ಇಳಿಜಾರು ಮಾಡಿನ ಮನಿಯವರಿಗೆ ಇದು ಉಪಯೋಗ. ಆದ್ರ ಎರಡೂ ದಿಕ್ಕಿನವನ್ನ ಒಂದ ಸೀರೀಸಿನ್ಯಾಗ ಮಾತ್ರ ಹಾಕಬ್ಯಾಡ್ರಿ.

ಪ್ಯಾರಲಲ್ ಮಾಡೋ ಮುಂಚೆ ಎರಡು ನಂಬರ್ ನೋಡ್ಲೇಬೇಕು. ಒಂಬತ್ತೂ ಹದಿಮೂರೂ ಕೂಡಿ 22 ಆಂಪಿಯರ್ ಆತು, ಹಳೇ ಇನ್ವರ್ಟರ್ ಎಷ್ಟೋ ಒಂದು ಎಂಪಿಪಿಟಿಗೆ 12-13ರ ಮ್ಯಾಲ ತಗೊಳ್ಳೂದಿಲ್ಲ, ಮಿಕ್ಕಿದ್ದು ದಂಡ. ಅದರ ಜೋಡಿ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಪ್ಲಸ್ ಮೈನಸ್ ನೇರ ಕೂಡಿದಾಗ ಹರಿಯೋ ಕರೆಂಟ್) ಅಂತ ಬ್ಯಾರೆ ಮಿತಿ ಬರದಿರ್ತೈತಿ, ಅದನ್ನಂತೂ ದಾಟಬಾರದು. ಎರಡನೇದು ಫ್ಯೂಸ್. ಹಳೇ ಪ್ಯಾನೆಲ್ಲಿನ ಚೀಟಿಯೊಳಗ ಗರಿಷ್ಠ ಫ್ಯೂಸ್ 15 ಆಂಪಿಯರ್ ಅಂತ ಇದ್ರ, ಹೊಸಾ ಸ್ಟ್ರಿಂಗಿನ ಶಾರ್ಟ್ ಸರ್ಕ್ಯೂಟ್ ಕರೆಂಟ್ 14ರ ಹತ್ತರ, ಸುರಕ್ಷತೆಯ ಲೆಕ್ಕಕ್ಕ ನೂರಕ್ಕ 25 ಸೇರಿಸಿದ್ರ 17 ದಾಟತೈತಿ. ಹಳೇದರಾಗ ಏನಾರ ಫಾಲ್ಟ್ ಆದ್ರ ಹೊಸಾದು ಅದರೊಳಗ ಉಲ್ಟಾ ಕರೆಂಟ್ ತುಂಬತೈತಿ, ಅದಕ್ಕ ಸ್ಟ್ರಿಂಗಿಗೆ ಡಿಸಿ ಫ್ಯೂಸ್ ಬೇಕ. ಎಸಿ ಫ್ಯೂಸ್ ಹಾಕಿ ಕೈ ತೊಳಕೊಳ್ಳೋವ್ರಿದ್ರ ಅಂಥವರ ಕೈಯಾಗ ಕೆಲಸ ಕೊಡಬ್ಯಾಡ್ರಿ.

ಸೆಕಿಯ ಆಟಾನೂ ಐತಿ. ಚೀಟಿಯ ನಂಬರೆಲ್ಲಾ ಸೆಲ್ 25 ಡಿಗ್ರಿ ಇದ್ದಾಗಿನವು. ವಿಜಯಪುರದ ಏಪ್ರಿಲ್ ಬಿಸಲಿನ್ಯಾಗ ಸೆಲ್ 65 ಡಿಗ್ರಿ ಮುಟ್ಟತೈತಿ, 300 ವೋಲ್ಟಿನ ಸ್ಟ್ರಿಂಗ್ 250ಕ್ಕ ಬರತೈತಿ, ಎರಡೂ ಸ್ಟ್ರಿಂಗ್ ಹೆಚ್ಚುಕಡಿಮಿ ಜೋಡೀಲೇ ಇಳಿಯೋದ್ರಿಂದ ಮ್ಯಾಚಿಂಗ್ ಕೆಡೂದಿಲ್ಲ. ಅಂಜಬೇಕಾದ್ದು ಜನವರಿ ಮುಂಜಾನಿಗೆ, ಚಳಿಯಾಗ ವೋಲ್ಟೇಜ್ ಏರತೈತಿ. ಹನ್ನೆರಡು ಹೊಸಾ ಪ್ಯಾನೆಲ್ ಚೀಟಿ ಪ್ರಕಾರ 594 ವೋಲ್ಟ್, 600ರ ಒಳಗ ಐತೆಲ್ಲ ಅಂತ ಬಿಟ್ರ, 10 ಡಿಗ್ರಿ ಚಳಿಯೊಳಗ 620 ಆಗತೈತಿ.

ಕಡೀಕ ಪ್ಯಾನೆಲ್ಲಿನ ವೈರ್ ಒಂದಕ್ಕೊಂದು ಕೂಡಸೋ ಕನೆಕ್ಟರ್. ಎಂಸಿ4 ಅಂತ ಹೆಸರು ಒಂದ, ಆದ್ರ ಬ್ಯಾರೆ ಬ್ಯಾರೆ ಕಂಪನಿದು ಒಂದರಾಗೊಂದು ಕೂತ್ರೂ ಒಳಗ ಸರಿಯಾಗಿ ಹಿಡಿಯೂದಿಲ್ಲ, ಕಾಂಟ್ಯಾಕ್ಟ್ ಸಡಿಲಾಗಿ ಕಾಯ್ತೈತಿ, ಕರಗತೈತಿ, ಬೆಂಕಿ ಹತ್ತಿದ್ದೂ ಐತಿ. ಹಳೇದೂ ಹೊಸಾದೂ ಸೇರೋ ಜಾಗದಾಗ ಎರಡೂ ಕಡೆ ಕತ್ತರಿಸಿ ಒಂದ ಕಂಪನಿಯ ಜೋಡಿ ಹಾಕಸ್ರಿ, ಅದೂ ಕ್ರಿಂಪಿಂಗ್ ಟೂಲಿನಿಂದ, ಬರೇ ಪಕ್ಕಡದಾಗ ಒತ್ತಿ ಅಲ್ಲ.