ಲಾಕ್‌ಡೌನ್‌ನಿಂದ ಉಳಿದಿದ್ದೆಷ್ಟು, ಕಳೆದಿದ್ದೆಷ್ಟು?

ಓದುಗರ ಪ್ರಶ್ನೆ: ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. 2020ರಲ್ಲಿ ಮುಚ್ಚಿಸಿದರು, 2021ರಲ್ಲಿ ಮತ್ತೆ ಮುಚ್ಚಿಸಿದರು. ಆಗ ಮಾಡಿದ ಸಾಲ ಈಗಲೂ ಪೂರ್ತಿ ತೀರಿಲ್ಲ. ಕಾಯಿಲೆಯಿಂದ ಆದ ನಷ್ಟಕ್ಕಿಂತ ಲಾಕ್‌ಡೌನ್‌ನಿಂದ ಆದ ನಷ್ಟವೇ ಜಾಸ್ತಿ ಅಲ್ವಾ? ನಾಳೆ ಇಂಥದ್ದೇ ಇನ್ನೊಂದು ಬಂದರೆ ಮತ್ತೆ ಅಂಗಡಿ ಮುಚ್ಚಿ ಅಂತಾರಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಅಂಗಡಿಯವರು, ಆಟೋದವರು, ಮಂಡಕ್ಕಿ ಭಟ್ಟಿಯವರು. ತಿಂಗಳ ಸಂಬಳ ತಪ್ಪದೆ ಬಂದವರು ಇದನ್ನು ಅಷ್ಟಾಗಿ ಕೇಳುವುದಿಲ್ಲ. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ಲೆಕ್ಕ ಹಾಕುವ ರೀತಿ ನೋಡೋಣ. ನಷ್ಟ ಎಷ್ಟು ಅಂತ ಕೇಳಿದರೆ ನಾವೆಲ್ಲ 2019ರ ವ್ಯಾಪಾರವನ್ನು 2020ರ ವ್ಯಾಪಾರದ ಪಕ್ಕ ಇಟ್ಟು ಕಳೆಯುತ್ತೇವೆ. ಉಳಿದಿದ್ದೆಲ್ಲ ಲಾಕ್‌ಡೌನ್ ಖಾತೆಗೆ. ಆದರೆ ಸರ್ಕಾರ ಸುಮ್ನೆ ಇದ್ದಿದ್ದರೂ 2020ರಲ್ಲಿ 2019ರ ವ್ಯಾಪಾರ ಆಗುತ್ತಿರಲಿಲ್ಲ. ಊರಲ್ಲಿ ಕಾಯಿಲೆ ಹಬ್ಬಿದೆ, ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಅನ್ನುವ ಸುದ್ದಿ ಕೇಳಿ ಯಾರು ತಾನೇ ಮಗಳ ಮದುವೆ ಸೀರೆ ತೆಗೆಯೋಕೆ ಹತ್ತು ಜನರ ಜೊತೆ ಪೇಟೆಗೆ ಬರ್ತಾರೆ? ಲಾಕ್‌ಡೌನ್ ಇದ್ದ ಮಹಾಮಾರಿಯನ್ನು ಲಾಕ್‌ಡೌನ್ ಇಲ್ಲದ ಮಹಾಮಾರಿಯ ಜೊತೆ ಹೋಲಿಸಬೇಕು. ಮಹಾಮಾರಿಯೇ ಇಲ್ಲದ ವರ್ಷದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಸಾಕ್ಷಿ ಇದೆ: ಮೆಕ್ಕೆಜೋಳ. 2020ರ ಫೆಬ್ರವರಿ, ಮಾರ್ಚ್ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್ ಅನ್ನುವ ಮಾತೇ ಇನ್ನೂ ಇರಲಿಲ್ಲ. ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಅದೇ ಹೊತ್ತಿಗೆ ಹಕ್ಕಿಜ್ವರದ ಸುದ್ದಿಯೂ ಸೇರಿಕೊಂಡಿತು. ಚಿಕನ್ ಅಂಗಡಿಗಳು ತೆರೆದೇ ಇದ್ದವು, ಕೊಳ್ಳುವವರು ಮಾತ್ರ ಇರಲಿಲ್ಲ. ಸಾಕಿದ ಖರ್ಚೂ ಹುಟ್ಟದೆ ಎಷ್ಟೋ ಫಾರಂನವರು ಕೋಳಿಗಳನ್ನು ಗುಂಡಿ ತೋಡಿ ಹೂತು ಹಾಕಿದರು. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳವೇ. ಕೋಳಿ ಇಲ್ಲ ಅಂದಮೇಲೆ ಜೋಳ ಯಾರಿಗೆ ಬೇಕು? ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂಪಾಯಿ ಇತ್ತು, ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಕೊನೆಗೆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 10 ಲಕ್ಷ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ಘೋಷಿಸಬೇಕಾಯಿತು. ಲಾಕ್‌ಡೌನ್ ಬಂದಮೇಲೆ ಲಾರಿ, ಹಮಾಲರು ಎಲ್ಲ ನಿಂತು ಪರಿಸ್ಥಿತಿ ಇನ್ನೂ ಕೆಟ್ಟಿತು, ನಿಜ. ಆದರೆ ಮೊದಲ ಏಟು ಭಯದ್ದು.

ಹೊರಗಿನ ಲೆಕ್ಕಗಳೂ ಇದನ್ನೇ ಹೇಳುತ್ತವೆ. ಡೆನ್ಮಾರ್ಕ್ ಬೇಗ ಬಾಗಿಲು ಹಾಕಿತು, ಪಕ್ಕದ ಸ್ವೀಡನ್ ಬಹುಪಾಲು ತೆರೆದೇ ಇತ್ತು. ಬ್ಯಾಂಕ್ ವಹಿವಾಟು ನೋಡಿ ಲೆಕ್ಕ ಹಾಕಿದಾಗ, ಮೊದಲ ವಾರಗಳಲ್ಲಿ ಜನ ಮಾಡುವ ಖರ್ಚು ಡೆನ್ಮಾರ್ಕ್‌ನಲ್ಲಿ 29% ಇಳಿದಿತ್ತು, ಸ್ವೀಡನ್‌ನಲ್ಲಿ 25%. ವ್ಯತ್ಯಾಸ ನಾಲ್ಕು ಅಂಶ, ಅಷ್ಟೇ. ಅಮೆರಿಕದಲ್ಲಿ ಗಿರಾಕಿಗಳ ಓಡಾಟ 60% ಬಿದ್ದಾಗ ಆ ಅರವತ್ತರಲ್ಲಿ ಸರ್ಕಾರದ ಆದೇಶದ ಪಾಲು ಏಳು ಅಂಶ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಕೊಟ್ಟರು.

ಹಾಗಂತ ಈ ಅಂಕಿಗಳನ್ನು ಹಾಗೇ ತಂದು ದಾವಣಗೆರೆಗೆ ಅಂಟಿಸಿದರೆ ನಿಮಗೆ ಅನ್ಯಾಯ ಆಗುತ್ತದೆ. ಡೆನ್ಮಾರ್ಕ್‌ನಲ್ಲಿ ಕೆಲಸದಿಂದ ತೆಗೆಯದೆ ಇಟ್ಟುಕೊಂಡ ಮಾಲೀಕರಿಗೆ ಸಂಬಳದ 75ರಿಂದ 90%ವರೆಗೆ ಸರ್ಕಾರವೇ ಕೊಟ್ಟಿತು. ನಮ್ಮಲ್ಲಿ ಮಾರ್ಚ್ 24ರ ರಾತ್ರಿ 8 ಗಂಟೆಗೆ ಟಿವಿಯಲ್ಲಿ ಹೇಳಿ, 12 ಗಂಟೆಗೆ ಇಡೀ ದೇಶ ಬಂದ್. ನಾಲ್ಕು ತಾಸಿನಲ್ಲಿ ಯಾರು ಏನು ತಾನೇ ಮಾಡಿಕೊಳ್ಳೋಕಾಗುತ್ತೆ? ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು 24% ಕುಸಿಯಿತು. ಏರಿದ್ದು ಕೃಷಿ ಒಂದೇ. ಇಷ್ಟೂ ಭಯದ ಪಾಲು ಅಂತ ಹೇಳೋಕೆ ಬರುವುದಿಲ್ಲ. ಜಗತ್ತಿನ ಅತಿ ಬಿಗಿಯಾದ ಲಾಕ್‌ಡೌನ್‌ಗಳಲ್ಲಿ ನಮ್ಮದೂ ಒಂದು.

ಹಾಗಾದರೆ ಅದರಿಂದ ಸಿಕ್ಕಿದ್ದೇನು? ಸಮಯ. ಕೇಳೋಕೆ ಸಪ್ಪೆ ಅನಿಸುತ್ತದೆ, ಸ್ವಲ್ಪ ಬಿಡಿಸಿ ನೋಡಿ. ಐದು ದಿನಕ್ಕೊಮ್ಮೆ ದುಪ್ಪಟ್ಟಾಗುವ ಕಾಯಿಲೆ ಅಂದುಕೊಳ್ಳಿ. ಇವತ್ತು 100 ಜನ ಇದ್ದರೆ ಹತ್ತು ದಿನಕ್ಕೆ 400, ತಿಂಗಳಿಗೆ 6,400. ಇದು ಚಕ್ರಬಡ್ಡಿ ಸಾಲದ ಹಾಗೆ, ಮೊದಲ ಕಂತು ತಪ್ಪಿಸಿದವನಿಗೇ ಹೊರೆ ಜಾಸ್ತಿ. ಹತ್ತು ದಿನ ಬೇಗ ತಡೆದರೆ ಆಸ್ಪತ್ರೆಗೆ ಬರುವವರು ಕಾಲುಭಾಗಕ್ಕೆ ಇಳಿಯುತ್ತಾರೆ. ಬೆಡ್ ಇದ್ದಾಗ ಬದುಕುವ ರೋಗಿ, ಆಕ್ಸಿಜನ್ ಖಾಲಿಯಾದಾಗ ಸಾಯುತ್ತಾನೆ. ಇದನ್ನು ನಾವು 2021ರ ಏಪ್ರಿಲ್, ಮೇನಲ್ಲಿ ಕಣ್ಣಾರೆ ಕಂಡಿದ್ದೇವೆ.

ದಾವಣಗೆರೆಯದೇ ಕಥೆ ನೋಡಿ. 2020ರ ಏಪ್ರಿಲ್ ಕೊನೆಗೆ ನಮ್ಮದು ಹಸಿರು ವಲಯ ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಬಾಷಾ ನಗರ, ಜಾಲಿ ನಗರದಿಂದ ಪ್ರಕರಣ ಬಂದವು. ಮೇ ಮೊದಲ ವಾರಕ್ಕೆ ಊರಿನ ಹೆಸರು ರಾಜ್ಯದ ಟಿವಿಗಳಲ್ಲಿ ಓಡುತ್ತಿತ್ತು. ಬೀದಿಗಳಿಗೆ ತಗಡು ಬಿತ್ತು. ಕೆಲವೇ ದಿನಗಳಲ್ಲಿ ಚಿತ್ರ ಹೀಗೆ ಬದಲಾಗುತ್ತದೆ ಅಂದರೆ, "ನಮ್ಮೂರಲ್ಲಿ ಇನ್ನೂ ಇಲ್ಲವಲ್ಲ, ಯಾಕೆ ಮುಚ್ಚಬೇಕು" ಅನ್ನುವ ವಾದಕ್ಕೆ ಎಷ್ಟು ಬಲ ಇದೆ ನೀವೇ ಹೇಳಿ.

ಆದರೆ ಕೊಂಡ ಸಮಯವನ್ನು ಬಳಸದಿದ್ದರೆ ಅದು ದಂಡ. ಟೆಸ್ಟಿಂಗ್ ಹೆಚ್ಚಿಸಲು, ಆಕ್ಸಿಜನ್ ಪೈಪ್ ಎಳೆಯಲು, ಲಸಿಕೆ ಬರುವವರೆಗೆ ವಯಸ್ಸಾದವರನ್ನು ಕಾಪಾಡಲು ಬಳಸಿದರೆ ಸರಿ. ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ. ಅದಕ್ಕೆ ಮೊದಲು ತಪ್ಪಿಸಿಕೊಂಡ ಸೋಂಕಿಗೂ ಆಮೇಲೆ ಬಂದ ಸೋಂಕಿಗೂ ವ್ಯತ್ಯಾಸ ಇದೆ. ಅದರಲ್ಲೂ 75 ವರ್ಷದ ಅಜ್ಜಿಗೆ. ಲಸಿಕೆ ಇಲ್ಲದ ಕಾಲದಲ್ಲಿ ಸೋಂಕು ತಗುಲಿದರೆ ಸಾಯುವ ಸಾಧ್ಯತೆ 25ರ ಹರೆಯದಲ್ಲಿ ಹತ್ತು ಸಾವಿರಕ್ಕೆ ಒಂದರ ಆಸುಪಾಸು, 75ಕ್ಕೆ ನೂರಕ್ಕೆ ನಾಲ್ಕೈದು. ಮೊದಲ ಲಾಕ್‌ಡೌನ್‌ನ ಆರಂಭದ ವಾರಗಳನ್ನು ನಾನು ಸಮರ್ಥಿಸುತ್ತೇನೆ. ಏನೂ ಗೊತ್ತಿರಲಿಲ್ಲ, ಕಾಯುವುದು ಜಾಣತನ. ನಾಲ್ಕು ತಾಸಿನ ನೋಟಿಸನ್ನು ಸಮರ್ಥಿಸಲಾರೆ.

ಜೀವಕ್ಕೂ ದುಡ್ಡಿಗೂ ತಕ್ಕಡಿ ಹಿಡಿಯುವವರಿಗೆ ಇನ್ನೊಂದು ತೊಡಕು ಇದೆ. ತಕ್ಕಡಿಯ ಒಂದು ಬದಿಯ ತೂಕವೇ ಜಗಳದಲ್ಲಿದೆ. 2020 ಮತ್ತು 2021 ಸೇರಿ ಭಾರತದಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಕೊರೊನಾ ಸಾವು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಮಾಮೂಲಿ ವರ್ಷಗಳಲ್ಲಿ ಆಗುವುದಕ್ಕಿಂತ ಜಾಸ್ತಿ ಆದ ಸಾವು. ನಮ್ಮ ಸರ್ಕಾರ ಅದನ್ನು ಒಪ್ಪಲಿಲ್ಲ. ಹತ್ತು ಪಟ್ಟು ವ್ಯತ್ಯಾಸ ಇರುವಾಗ "ಇಷ್ಟು ಜೀವಕ್ಕೆ ಇಷ್ಟು ಕೋಟಿ" ಅಂತ ಖಡಾಖಂಡಿತ ಹೇಳುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ, ಅವರು ಯಾವ ಕಡೆಯವರೇ ಆಗಿರಲಿ.

ನನ್ನ ಪ್ರಕಾರ ಲಾಕ್‌ಡೌನ್ ಬೇಕಾ ಬೇಡವಾ ಅಂತ ಒಟ್ಟಿಗೆ ಕೇಳುವುದರಿಂದಲೇ ವಾದ ಕೆಡುತ್ತದೆ. ಅದು ಒಂದು ಸಾಮಾನಲ್ಲ, ಇಪ್ಪತ್ತು ನಿಯಮಗಳ ಗಂಟು. ಗಂಟು ಬಿಚ್ಚಿ ಒಂದೊಂದಕ್ಕೂ ಬೆಲೆ ಕಟ್ಟಬೇಕು. ಮಾಸ್ಕ್, ತೆರೆದ ಕಿಟಕಿ: ಖರ್ಚು ಹೆಚ್ಚುಕಮ್ಮಿ ಇಲ್ಲ, ಲಾಭ ಇದೆ. ಮುಚ್ಚಿದ ಹಾಲ್‌ನಲ್ಲಿ 500 ಜನರ ಮದುವೆ ನಿಲ್ಲಿಸುವುದು: ಛತ್ರದವರಿಗೆ, ಹೂವಿನವರಿಗೆ, ಅಡುಗೆಯವರಿಗೆ ಭಾರಿ ಏಟು, ಆದರೆ ಸೋಂಕು ತಡೆಯುವ ಲಾಭವೂ ದೊಡ್ಡದು. ರಾತ್ರಿ ಕರ್ಫ್ಯೂ? 2020ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಘೋಷಿಸಿ, ಜಾರಿಗೆ ಬರುವ ಮೊದಲೇ ವಾಪಸ್ ತೆಗೆದುಕೊಂಡಿತು. ಮಧ್ಯರಾತ್ರಿ ದಾವಣಗೆರೆ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರಿರುತ್ತಾರೆ ಅಂತ ಆಗಲೇ ಜನ ನಗಾಡಿದ್ದರು.

ಕೆಲವು ನಿಯಮಗಳಂತೂ ತಿರುಗಿ ಬಿದ್ದವು. 2021ರ ಮೇನಲ್ಲಿ ದಿನಸಿ, ತರಕಾರಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಸಮಯ. ದಿನವಿಡೀ ಹರಡಿಕೊಂಡು ಬರುವ ಜನ ನಾಲ್ಕು ತಾಸಿಗೆ ಬಂದು ಬಿದ್ದರು. ಒಂಬತ್ತೂವರೆಗೆ ಟೊಮೆಟೊ ಬುಟ್ಟಿಯ ಮುಂದೆ ಹೆಗಲಿಗೆ ಹೆಗಲು, ಪೊಲೀಸ್ ಸೀಟಿ ಹೊಡೆಯುತ್ತಿದ್ದ ಹಾಗೆ ನೂಕುನುಗ್ಗಲು. ಗುಂಪು ತಪ್ಪಿಸುವುದೇ ಗುರಿಯಾಗಿದ್ದರೆ ಸಮಯ ಹೆಚ್ಚಿಸಿ ಜಾಗ ಹರಡಬೇಕಿತ್ತು. ತರಕಾರಿ ಮಾರಾಟವನ್ನು ಮೈದಾನಕ್ಕೆ ಹಾಕಿದ ಊರುಗಳು ಜಾಣ ಕೆಲಸ ಮಾಡಿದವು.

ಇನ್ನು, ಅನುಮತಿ ಇದ್ದೂ ಕೆಲಸ ನಿಂತವರ ಪಾಡು. ನಮ್ಮ ಮಂಡಕ್ಕಿ ಭಟ್ಟಿಯನ್ನೇ ತೆಗೆದುಕೊಳ್ಳಿ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಿ ಅಕ್ಕಿ ಮಾಡಬೇಕು, ಕಾದ ಮರಳಲ್ಲಿ ಹುರಿಯಬೇಕು. ಮನೆಮಂದಿಯೆಲ್ಲ ಅದಕ್ಕೇ ದುಡಿಯುತ್ತಾರೆ. ತಿನ್ನುವ ಸಾಮಾನು, ಹಾಗಾಗಿ ಮಾಡಬಹುದು ಅಂದುಕೊಳ್ಳೋಣ. ಮಾಡಿ ಯಾರಿಗೆ ಮಾರಬೇಕು? ಖಾರ ಮಂಡಕ್ಕಿ ಗಾಡಿ ಇಲ್ಲ, ಮಿರ್ಚಿ ಅಂಗಡಿ ಇಲ್ಲ, ಜಾತ್ರೆ ಇಲ್ಲ, ಬಸ್ ಸ್ಟ್ಯಾಂಡ್ ಖಾಲಿ. ಸರಪಳಿಯ ಒಂದು ಕೊಂಡಿ ತೆರೆದು ಮುಂದಿನದನ್ನು ಮುಚ್ಚಿದರೆ ಆ ಅನುಮತಿ ಕಾಗದದ ಮೇಲಷ್ಟೇ. ಹೂವು ಬೆಳೆದವರದ್ದೂ ಇದೇ ಗತಿ ಆಯಿತು. ಹೊಲಕ್ಕೆ ಹೋಗೋಕೆ ಅಡ್ಡಿ ಇರಲಿಲ್ಲ, ಆದರೆ ದೇವಸ್ಥಾನಕ್ಕೆ ಬೀಗ.

ನಷ್ಟದಲ್ಲೂ ಎರಡು ತರ ಇದೆ. ಮನೆ ಕಟ್ಟುವವನು ಸಿಮೆಂಟನ್ನು ಮೂರು ತಿಂಗಳು ಬಿಟ್ಟು ಕೊಳ್ಳುತ್ತಾನೆ. ನಿಮ್ಮ ಅಂಗಡಿಯ ಮದುವೆ ಸೀರೆಯೂ ಸ್ವಲ್ಪ ಮಟ್ಟಿಗೆ ಹಾಗೇ. ಆದರೆ ಈ ಭಾನುವಾರ ತಿನ್ನದ ಬೆಣ್ಣೆ ದೋಸೆಯನ್ನು ಮುಂದಿನ ಭಾನುವಾರ ಯಾರೂ ಡಬಲ್ ತಿನ್ನುವುದಿಲ್ಲ. ಹೋಟೆಲ್, ಕ್ಷೌರ, ಆಟೋ, ಇವರ ದಿನದ ದುಡಿಮೆ ಹೋದರೆ ಹೋಯಿತು. ಬಾಡಿಗೆ, ಕಂತು ಮಾತ್ರ ನಿಲ್ಲುವುದಿಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕಂತು ಮುಂದೂಡುವ ಅವಕಾಶ ಕೊಟ್ಟಿತ್ತಲ್ಲ, ಎಷ್ಟೋ ಜನ ಅದನ್ನು ಮನ್ನಾ ಅಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು. ನಿಮ್ಮ ಸಾಲ ಉಳಿದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ನನಗೆ ಸಿಟ್ಟು ಬರುವುದು ಶಾಲೆಯ ವಿಷಯಕ್ಕೆ. ರಾಜ್ಯದಲ್ಲಿ ಮದ್ಯದಂಗಡಿ 2020ರ ಮೇ 4ಕ್ಕೆ ತೆರೆಯಿತು. ಒಂದರಿಂದ ಐದನೇ ಕ್ಲಾಸು ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಆ ಮಕ್ಕಳ ಶಾಲೆ ಮುಚ್ಚಿದ್ದು ಹತ್ತೊಂಬತ್ತು ತಿಂಗಳು. ಮಕ್ಕಳಿಗೆ ಅಪಾಯ ಅತಿ ಕಮ್ಮಿ ಅಂತ ಮೊದಲ ವರ್ಷ ಮುಗಿಯುವ ಹೊತ್ತಿಗೆ ಗೊತ್ತಾಗಿತ್ತು. ಡೆನ್ಮಾರ್ಕ್ 2020ರ ಏಪ್ರಿಲ್‌ನಲ್ಲೇ ಚಿಕ್ಕ ಮಕ್ಕಳ ಶಾಲೆ ತೆರೆದಿತ್ತು. ನಮ್ಮಲ್ಲಿ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡುವ 'ವಿದ್ಯಾಗಮ' ಶುರುವಾಗಿ, ಎರಡೇ ತಿಂಗಳಲ್ಲಿ ನಿಂತಿತು. ಕರ್ನಾಟಕದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ಸುಮಾರು 19% ಇದ್ದರು. 'ಅಸರ್' ಸಮೀಕ್ಷೆ 2021ರಲ್ಲಿ ಮತ್ತೆ ನೋಡಿದಾಗ 10%ಕ್ಕಿಂತ ಕಡಿಮೆ. ಈ ನಷ್ಟ ಆ ವರ್ಷದ ಯಾವ ಲೆಕ್ಕದಲ್ಲೂ ಕಾಣಲಿಲ್ಲ. ಮಕ್ಕಳಿಗೆ ವರ್ತಕರ ಸಂಘ ಇರುವುದಿಲ್ಲ, ಅವರ ಪರವಾಗಿ ಯಾರೂ ಡಿಸಿ ಕಚೇರಿಗೆ ಮನವಿ ಕೊಡಲಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮುಂದಿನ ಕಾಯಿಲೆಗೂ ಅಂಗಡಿ ಮುಚ್ಚಬೇಕಾ? ಅದು ಹೇಗೆ ಹರಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಪ್ಲೇಗ್ ಕಾಲದಲ್ಲಿ ನಮ್ಮ ಕಡೆ ಇಲಿ ಸತ್ತು ಬಿತ್ತು ಅಂದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿ, ಚಿಗಟದಿಂದ ದೂರ ಹೋಗಲು ಅದೇ ಸರಿ. ಕೊರೊನಾಕ್ಕೆ ಮನೆಯಲ್ಲೇ ಇರಿ ಅಂದರು. ಕಾಲರಾ ಆದರೆ ನೀರು ಶುದ್ಧ ಮಾಡಬೇಕು, ಅಂಗಡಿ ಮುಚ್ಚಿ ಏನೂ ಸಿಗದು. 2018ರಲ್ಲಿ ಕೇರಳದ ಕೋಳಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಫಾ ಬಂದಾಗ ರೋಗಿಗಳ ಹತ್ತಿರ ಇದ್ದವರನ್ನು ಹುಡುಕಿ ಪ್ರತ್ಯೇಕ ಇಟ್ಟೇ ತಡೆದರು. ಇಡೀ ರಾಜ್ಯಕ್ಕೆ ಬೀಗ ಹಾಕಲಿಲ್ಲ. ಗಾಳಿಯಲ್ಲಿ ವೇಗವಾಗಿ ಹರಡುವ, ಲಸಿಕೆ ಇಲ್ಲದ, ಜಾಸ್ತಿ ಜನರನ್ನು ಕೊಲ್ಲುವ ಕಾಯಿಲೆ ಬಂದರೆ ಮಾತ್ರ ಕೆಲವು ವಾರ ಬಾಗಿಲು ಹಾಕಲೇಬೇಕಾಗಬಹುದು. ಹಾಗೆ ಬಂದರೆ ನಾನು ಮುಚ್ಚಿ ಅಂತಲೇ ಹೇಳುತ್ತೇನೆ.

ಆದರೆ ಮುಚ್ಚಿದ್ದರ ಖರ್ಚು ಯಾರ ತಲೆಗೆ? ಇಲ್ಲೇ ನಾವು ಸೋತಿದ್ದು. 2021ರಲ್ಲಿ ಏಪ್ರಿಲ್ 27ಕ್ಕೆ ಶುರುವಾದ ನಿರ್ಬಂಧ ಬೇರೆ ಬಹುಪಾಲು ಜಿಲ್ಲೆಗಳಲ್ಲಿ ಜೂನ್ 14ಕ್ಕೆ ಸಡಿಲವಾಯಿತು. ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತು, ನಮಗೆ ಜೂನ್ 21ರವರೆಗೆ. ಹೆಚ್ಚುಕಮ್ಮಿ ಎಂಟು ವಾರ. ಅದಕ್ಕೆ ರಾಜ್ಯ ಸರ್ಕಾರದ 1,250 ಕೋಟಿ ಪ್ಯಾಕೇಜ್‌ನಲ್ಲಿ ಆಟೋ, ಟ್ಯಾಕ್ಸಿಯವರಿಗೆ 3,000 ರೂಪಾಯಿ, ಬೀದಿ ವ್ಯಾಪಾರಿಗಳಿಗೆ, ಟೈಲರ್, ಕ್ಷೌರಿಕರಂಥವರಿಗೆ 2,000. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 289 ರೂಪಾಯಿ. ಎರಡು ಸಾವಿರ ಅಂದರೆ ಏಳು ದಿನದ ಕೂಲಿ. ಎಂಟು ವಾರಕ್ಕೆ ಏಳು ದಿನದ ಕೂಲಿ! ತಲಾ ಐದು ಕೆಜಿ ಪುಕ್ಕಟೆ ಧಾನ್ಯ ಇಲ್ಲದಿದ್ದರೆ ಏನಾಗುತ್ತಿತ್ತೋ. ನಿಮ್ಮಂಥ ಬಟ್ಟೆ ಅಂಗಡಿಯವರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ, ನಿಮ್ಮಲ್ಲಿ ದುಡಿಯುವ ಹುಡುಗರದ್ದೂ ಇರಲಿಲ್ಲ. ಹಾಗಾಗಿ ನಿಮ್ಮ ಸಿಟ್ಟು ಅಂಗಡಿ ಮುಚ್ಚಿಸಿದ್ದಕ್ಕಿಂತ, ಮುಚ್ಚಿಸಿ ಕೈಬಿಟ್ಟಿದ್ದಕ್ಕೆ ಇರಲಿ ಅಂತ ನನ್ನ ಸಲಹೆ. ಬಾಗಿಲು ಹಾಕಿ ಅನ್ನುವ ಆದೇಶದಲ್ಲೇ ಬಾಡಿಗೆಗೆ ಎಷ್ಟು, ಕೂಲಿಗೆ ಎಷ್ಟು, ಯಾವ ತಾರೀಕಿಗೆ ಖಾತೆಗೆ ಬರುತ್ತದೆ ಅಂತಲೂ ಬರೆದಿರಬೇಕು. ವರ್ತಕರ ಸಂಘ ಕೇಳಬೇಕಾದ್ದು ಇದನ್ನು, ಅದೂ ಕಾಯಿಲೆ ಇಲ್ಲದ ಈ ದಿನಗಳಲ್ಲಿ.

ಒಂದು ಕೆಲಸ ಮಾತ್ರ ಈಗಲೇ ಮಾಡಬಹುದು. ಪರಿಹಾರ ಹೋಗುವುದು ಪಟ್ಟಿಯಲ್ಲಿ ಹೆಸರು ಇದ್ದವರಿಗೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇ-ಶ್ರಮ್ ನೋಂದಣಿ ಶುರು ಮಾಡಿತು. 16ರಿಂದ 59 ವರ್ಷದೊಳಗಿನ, ಪಿಎಫ್, ಇಎಸ್‌ಐ ಇಲ್ಲದ, ಆದಾಯ ತೆರಿಗೆ ಕಟ್ಟದ ಕೆಲಸಗಾರರು ಆಧಾರ್ ಮತ್ತು ಬ್ಯಾಂಕ್ ಖಾತೆ ವಿವರ ಕೊಟ್ಟು ಹೆಸರು ಬರೆಸಬಹುದು. ನಿಮ್ಮ ಅಂಗಡಿಯ ಹುಡುಗರನ್ನು ಒಂದು ಮಧ್ಯಾಹ್ನ ಕಳಿಸಿ ಮಾಡಿಸಿ.