ಸ್ವಿಚ್ ಫರ್ಮ್‌ವೇರ್‌ನ ಪ್ರವೇಶ ನಿಯಂತ್ರಣ ದೋಷಗಳು: ಪರೀಕ್ಷಿಸುವ ಟಿಪ್ಪಣಿ

ಜಾಲದ ಗಣಕಗಳನ್ನು ಜೋಡಿಸುವ ಸ್ವಿಚ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಪ್ರತಿ ವಿನಂತಿಗೂ ಕೇಳಬೇಕಾದ ಪ್ರಶ್ನೆಗಳು ಎರಡು. ಬಂದವರು ಯಾರು? ಈ ಕೆಲಸ ಮಾಡಲು ಅವರಿಗೆ ಅನುಮತಿ ಇದೆಯೇ? ತಂತ್ರಾಂಶ ದೋಷಗಳ ಬಗೆಗಳಿಗೆ ಸಂಖ್ಯೆ ಕೊಡುವ ಸಿಡಬ್ಲ್ಯೂಇ ಪಟ್ಟಿಯಲ್ಲಿ, ಮೊದಲನೆಯದನ್ನು ಕೇಳದೇ ಬಿಟ್ಟರೆ ಸಿಡಬ್ಲ್ಯೂಇ-306, ಎರಡನೆಯದನ್ನು ಬಿಟ್ಟರೆ ಸಿಡಬ್ಲ್ಯೂಇ-862, ಕೇಳಿಯೂ ತಪ್ಪಾಗಿ ತೀರ್ಮಾನಿಸಿದರೆ ಸಿಡಬ್ಲ್ಯೂಇ-863. ವರದಿ ಬರೆಯುವಾಗ ಈ ಮೂರನ್ನು ಕಲಸಬೇಡಿ, ಸರಿಪಡಿಸುವ ಜಾಗ ಒಂದೊಂದಕ್ಕೂ ಬೇರೆ.

ಸ್ವಿಚ್‌ನ ಆಡಳಿತ ವೆಬ್ ಪುಟದ ಪ್ರತಿ ಗುಂಡಿಯ ಹಿಂದೆ ಫರ್ಮ್‌ವೇರ್‌ನಲ್ಲಿ ಆ ಕೆಲಸ ಮಾಡುವ ಒಂದು ಹ್ಯಾಂಡ್ಲರ್ ಫಂಕ್ಷನ್ ಇರುತ್ತದೆ. ಹ್ಯಾಂಡ್ಲರ್‌ಗೆ ತಲುಪುವ ಮೊದಲೇ ಒಂದೇ ಕಡೆ ತಪಾಸಣೆ ನಡೆದರೆ ಕ್ಷೇಮ. ಪ್ರತಿ ಹ್ಯಾಂಡ್ಲರ್ ತಾನೇ ತಪಾಸಣೆ ಮಾಡಿಕೊಳ್ಳಬೇಕಾದ ವಿನ್ಯಾಸದಲ್ಲಿ ಯಾವುದೋ ಒಂದು ತಪ್ಪಿಹೋಗುತ್ತದೆ. ಕಾನ್ಫಿಗರೇಶನ್ ಬ್ಯಾಕಪ್, ಫರ್ಮ್‌ವೇರ್ ಅಪ್‌ಲೋಡ್, ಪಾಸ್‌ವರ್ಡ್ ಬದಲಾವಣೆ, ಇವನ್ನು ಮೊದಲು ನೋಡಿ. ಓದಲು ಮಾತ್ರ ಅನುಮತಿ ಇರುವ ಬಳಕೆದಾರನಿಗೆ ಮೆನು ಕಾಣದಂತೆ ಜಾವಾಸ್ಕ್ರಿಪ್ಟ್‌ನಲ್ಲಿ ಮರೆಮಾಡಿರುವುದು ತಡೆ ಅಲ್ಲವೇ ಅಲ್ಲ. ವಿಳಾಸ ಗೊತ್ತಿದ್ದವರು ನೇರವಾಗಿ ವಿನಂತಿ ಕಳಿಸುತ್ತಾರೆ.

ಮೂರು ವಿನಂತಿ, ಒಂದು ಗುರುತು

ನಿಮ್ಮದೇ ಲ್ಯಾಬ್ ಸ್ವಿಚ್‌ನಲ್ಲಿ, ಉತ್ಪಾದನಾ ಜಾಲದಿಂದ ಬೇರ್ಪಡಿಸಿಯೇ ಮಾಡಿ. ಅಡ್ಮಿನ್ ಆಗಿ ಲಾಗಿನ್ ಆಗಿ, ನಿರಪಾಯದ ಒಂದು ಬದಲಾವಣೆ ಮಾಡಿ. ಒಂದು ಪೋರ್ಟ್‌ನ ವಿವರಣೆ ಬದಲಿಸಿದರೆ ಸಾಕು. ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿಯಿಂದ ಆ ಪೋಸ್ಟ್ ವಿನಂತಿಯನ್ನು (ಬದಲಾವಣೆ ಕಳಿಸುವ ವಿನಂತಿ) ಕರ್ಲ್ ರೂಪದಲ್ಲಿ, ಅಂದರೆ ಆದೇಶ ಸಾಲಿನಿಂದ ಮತ್ತೆ ಕಳಿಸಬಹುದಾದಂತೆ, ನಕಲು ಮಾಡಿಕೊಳ್ಳಿ. ಅದನ್ನೇ ಮೂರು ಬಾರಿ ಕಳಿಸಬೇಕು: ಅಡ್ಮಿನ್ ಕುಕಿಯೊಂದಿಗೆ (ಲಾಗಿನ್ ಆದವರನ್ನು ಗುರುತಿಸುವ ತುಣುಕು), ಓದಲು ಮಾತ್ರ ಅನುಮತಿ ಇರುವವನ ಕುಕಿಯೊಂದಿಗೆ, ಕುಕಿಯೇ ಇಲ್ಲದೆ. ವಿವರಣೆಯ ಜಾಗದಲ್ಲಿ ಪ್ರತಿ ಬಾರಿಯೂ ಬೇರೆ ಪದ ಹಾಕಿ: ಎ1, ಬಿ1, ಸಿ1. ಸಿಎಸ್‌ಆರ್‌ಎಫ್ ಟೋಕನ್ (ಬೇರೆ ತಾಣದಿಂದ ಬರುವ ನಕಲಿ ವಿನಂತಿ ತಡೆಯುವ ಗುಟ್ಟಿನ ಪದ) ಇದ್ದರೆ ಆಯಾ ಸೆಶನ್‌ನದೇ ಹಾಕಿ. ಇಲ್ಲವಾದರೆ ವಿನಂತಿಯನ್ನು ಟೋಕನ್ ತಡೆದಿರುತ್ತದೆ, ಅನುಮತಿ ತಪಾಸಣೆ ತಡೆಯಿತೆಂದು ನೀವು ಬರೆದುಕೊಳ್ಳುತ್ತೀರಿ.

ಎಡವುವುದು ಉತ್ತರ ಓದುವಾಗ. ಉತ್ತರದ ಸ್ಟೇಟಸ್ ಕೋಡ್ 401 ಅಥವಾ 403 ಬಂದರೆ ತಡೆಯಿತು, 200 ಬಂದರೆ ಬಿಟ್ಟಿತು ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಲಾಗಿನ್ ಪುಟವನ್ನೇ 200 ಜೊತೆ ಕಳಿಸುವ ಸ್ವಿಚ್‌ಗಳಿವೆ: ದೋಷವಿಲ್ಲದಿದ್ದರೂ ಇದೆ ಅನ್ನಿಸುತ್ತದೆ. ಇದರ ತಿರುವುಮುರುವೂ ಉಂಟು, ಅದೇ ಅಪಾಯಕಾರಿ: ಹ್ಯಾಂಡ್ಲರ್ ಮೊದಲು ಬದಲಾವಣೆ ಮಾಡಿಬಿಟ್ಟು, ಆಮೇಲೆ ಸೆಶನ್ ನೋಡಿ, 302 (ಬೇರೆ ಪುಟಕ್ಕೆ ಹೋಗಿ ಎಂಬ ಕೋಡ್) ಕೊಟ್ಟು ಲಾಗಿನ್ ಪುಟಕ್ಕೆ ಕಳಿಸುತ್ತದೆ. ಪರದೆ ನೋಡಿದವರಿಗೆ ತಡೆದಂತೆಯೇ ಕಾಣುತ್ತದೆ, ಕೆಲಸ ಮಾತ್ರ ಆಗಿಹೋಗಿದೆ. ಆದ್ದರಿಂದ ಸ್ಟೇಟಸ್ ಕೋಡ್ ನಂಬಬೇಡಿ. ಪ್ರತಿ ವಿನಂತಿಯ ನಂತರ ಕನ್ಸೋಲ್ ಕೇಬಲ್‌ನಿಂದ ಒಳಹೊಕ್ಕು ಚಾಲ್ತಿ ಕಾನ್ಫಿಗರೇಶನ್ ನೋಡಿ. ಬಿ1 ಕಂಡರೆ ಅನುಮತಿ ತಪಾಸಣೆ ಇಲ್ಲ ಅಥವಾ ತಪ್ಪಾಗಿದೆ, ಸಿ1 ಕಂಡರೆ ಗುರುತಿನ ತಪಾಸಣೆಯೇ ಇಲ್ಲ.

ಸಿ1 ಕಂಡಾಗ ಇನ್ನೊಂದು ಸಂಶಯ ತೀರಿಸಿಕೊಳ್ಳಿ. ಸ್ವಿಚ್ ಸೆಶನ್ ಅನ್ನು ಕುಕಿಯ ಬದಲು ಐಪಿ ವಿಳಾಸದಿಂದ ಗುರುತಿಸುತ್ತಿದ್ದರೆ, ಅದೇ ಗಣಕದಲ್ಲಿ ಅಡ್ಮಿನ್ ಲಾಗಿನ್ ಇರುವಾಗ ಕುಕಿಯಿಲ್ಲದ ವಿನಂತಿಯೂ ದಾಟಿಹೋಗುತ್ತದೆ. ಅಡ್ಮಿನ್ ಲಾಗೌಟ್ ಮಾಡಿ, ಬೇರೆ ಐಪಿಯಿಂದ ಮತ್ತೆ ಕಳಿಸಿ. ಆಗ ತಡೆದರೆ ದೋಷದ ಹೆಸರು ಬೇರೆ, ಅಷ್ಟೆ; ಒಂದೇ ನ್ಯಾಟ್ (ಹಲವು ಗಣಕಗಳು ಒಂದೇ ಐಪಿಯಿಂದ ಬಂದಂತೆ ತೋರಿಸುವ ವ್ಯವಸ್ಥೆ) ಹಿಂದಿರುವ ಎಲ್ಲರಿಗೂ ಬಾಗಿಲು ತೆರೆದೇ ಇದೆ. 2021ರಲ್ಲಿ ನೆಟ್‌ಗಿಯರ್ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಹೊರಬಿದ್ದ ಸಿವಿಇ-2021-40867 (ಸಿವಿಇ ಎಂದರೆ ಬಹಿರಂಗವಾದ ಒಂದೊಂದು ದೋಷಕ್ಕೂ ಕೊಡುವ ಸಂಖ್ಯೆ) ಈ ಜಾತಿಯದು: ಅಡ್ಮಿನ್ ಲಾಗಿನ್ ಆಗುತ್ತಿರುವ ಹೊತ್ತಿನಲ್ಲಿ ಅದೇ ಐಪಿಯಿಂದ ಬಂದವರು ಸೆಶನ್ ಕಸಿದುಕೊಳ್ಳಬಹುದಿತ್ತು.

ವೆಬ್ ಬಿಟ್ಟು ಉಳಿದ ಬಾಗಿಲುಗಳು

ಹೊಸ ಸ್ವಿಚ್‌ಗಳನ್ನು ದೂರದಿಂದಲೇ ಸಿದ್ಧಪಡಿಸುವ ಸಿಸ್ಕೋದ ಸ್ಮಾರ್ಟ್ ಇನ್‌ಸ್ಟಾಲ್ ಟಿಸಿಪಿ ಪೋರ್ಟ್ 4786ರಲ್ಲಿ ಕೇಳಿಸಿಕೊಳ್ಳುತ್ತದೆ. ಅದರಲ್ಲಿನ ಸಿವಿಇ-2018-0171 ದೋಷಕ್ಕೆ ಪ್ಯಾಚ್ ಹಾಕಿದರೂ ಆ ಪ್ರೋಟೋಕಾಲ್‌ನಲ್ಲಿ ದೃಢೀಕರಣವೇ ಇಲ್ಲ ಎಂಬುದು ಹಾಗೇ ಉಳಿಯುತ್ತದೆ. ಬಳಸುತ್ತಿಲ್ಲವಾದರೆ ‘ನೋ ವಿಸ್ಟ್ಯಾಕ್’ (no vstack) ಆದೇಶ ಕೊಟ್ಟು ಮುಚ್ಚಿ. 2023ರ ಸಿವಿಇ-2023-20198ರಲ್ಲಿ ಸಿಸ್ಕೋದ ಐಒಎಸ್ ಎಕ್ಸ್‌ಇ ತಂತ್ರಾಂಶದ ವೆಬ್ ಮುಖದ ಮೂಲಕ ಲಾಗಿನ್ ಇಲ್ಲದೆಯೇ 15ನೇ ಹಂತದ (ಪೂರ್ಣ ಅಧಿಕಾರದ) ಖಾತೆ ಹುಟ್ಟಿಸಬಹುದಿತ್ತು; ತೀವ್ರತೆಯ ಅಂಕ 10ಕ್ಕೆ 10. ವೆಬ್ ಮುಖ ಬೇಡವಾದರೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡಕ್ಕೂ ಪ್ರತ್ಯೇಕ ಆದೇಶ ಬೇಕು, ಒಂದನ್ನು ನಿಲ್ಲಿಸಿದರೆ ಇನ್ನೊಂದು ನಡೆಯುತ್ತಲೇ ಇರುತ್ತದೆ. ಉಪಕರಣಗಳನ್ನು ದೂರದಿಂದ ನಿರ್ವಹಿಸುವ ಎಸ್‌ಎನ್‌ಎಂಪಿ ಪ್ರೋಟೋಕಾಲ್‌ನ ವಿ2ಸಿ ಆವೃತ್ತಿಯಲ್ಲಿ ಬರೆಯುವ ಅಧಿಕಾರದ ಕಮ್ಯುನಿಟಿ ಪದ (ಪಾಸ್‌ವರ್ಡ್‌ನಂಥದ್ದು) ಸಿಕ್ಕರೆ ವೆಬ್ಬಿನ ಹಂತಗಳೆಲ್ಲ ವ್ಯರ್ಥ. ಅದು ಜಾಲದಲ್ಲಿ ಬಯಲಾಗಿಯೇ ಓಡಾಡುತ್ತದೆ.

ಆಡಳಿತ ವಿಳಾಸಗಳನ್ನು ಮಿತಿಗೊಳಿಸುವಾಗ ‘ಲೈನ್ ವಿಟಿವೈ 0 4’ಕ್ಕೆ (ದೂರದಿಂದ ಲಾಗಿನ್ ಆಗುವ ಮೊದಲ ಐದು ಸಾಲುಗಳು) ಆಕ್ಸೆಸ್-ಕ್ಲಾಸ್ (ಯಾವ ವಿಳಾಸದವರು ಬರಬಹುದೆಂಬ ಪಟ್ಟಿ) ಹಾಕಿ ಅಲ್ಲಿಗೇ ನಿಲ್ಲಿಸಬೇಡಿ. ಸಿಸ್ಕೋದ ಅನೇಕ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ 0ರಿಂದ 15ರವರೆಗೆ 16 ಸಾಲುಗಳಿರುತ್ತವೆ. ಮೊದಲ ಐದು ತುಂಬಿದಾಗ ಮುಂದಿನ ಸಂಪರ್ಕ 5ನೇ ಸಾಲಿಗೆ ಹೋಗುತ್ತದೆ, ಅಲ್ಲಿ ಪಟ್ಟಿಯೇ ಇರುವುದಿಲ್ಲ. ಐಪಿವಿ6 ಚಾಲ್ತಿಯಲ್ಲಿದ್ದರೆ ಅದಕ್ಕೆ ಪ್ರತ್ಯೇಕ ಆಕ್ಸೆಸ್-ಕ್ಲಾಸ್ ಬೇಕು. ಐಪಿವಿ4 ಪಟ್ಟಿ ಅದನ್ನು ಮುಟ್ಟುವುದಿಲ್ಲ.